ಅಧಿಕಾರಿ ಹೋದರೂ ಕೆಲಸ ನಿಲ್ಲದಿರಲಿ

ಮಾನ್ಯರೇ,

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಪಕ್ಕದ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಆದರೆ ಇಂಥ ಕೆಲಸವೆಲ್ಲ ಹುರುಪಿನ ಅಧಿಕಾರಿ ಇರುವಷ್ಟು ದಿನ ಮಾತ್ರ ಜೋರು. ಅವರಿಗೆ ವರ್ಗವಾದರೆ ಮತ್ತೆ ಎಲ್ಲ ಒಂದೇ ಬಕೆಟ್‌ಗೆ.

ಸುಮ್ನೆ ದಂಡ ಹಾಕಿ ಹೆದರಿಸಿದರೆ ಎಷ್ಟು ದಿನ ನಡೆದೀತು? ಮೊದಲು ಪೌರಕಾರ್ಮಿಕರನ್ನು ಕೇಳಿ. ಯಾವ ಬೀದಿಯವರು ಯಾಕೆ ಬೆರೆಸಿ ಕೊಡುತ್ತಾರೆ ಅಂತ ಅವರಿಗೆ ಗೊತ್ತು. ಒಂದು ವಾರ್ಡ್ ಸರಿಯಾಗಲಿ, ಆಮೇಲೆ ಪಕ್ಕದ್ದು. ಉದ್ಘಾಟನೆಯ ಫ್ಲೆಕ್ಸ್ ತಡವಾದರೂ ನಡೆಯುತ್ತದೆ, ಅಲ್ವಾ? ವಾರ್ಡ್ ಸಮಿತಿ ಪ್ರತಿ ತಿಂಗಳು ಈ ಕೆಲಸದ ಲೆಕ್ಕ ಕೇಳಲಿ. ಹೊಸದಾಗಿ ಬರುವ ಅಧಿಕಾರಿಗೆ ಆ ಲೆಕ್ಕವನ್ನೇ ಮೊದಲು ತೋರಿಸಲಿ.

– ಓದುಗ, ಕದ್ರಿ, ಮಂಗಳೂರು