ಅದೇ ಶೇ 36 ಮತ. ಒಮ್ಮೆ 104 ಸ್ಥಾನ, ಇನ್ನೊಮ್ಮೆ 66

ಮಾನ್ಯರೇ,

ಪದವಿಗೆ ರಾಜ್ಯಶಾಸ್ತ್ರ ಓದಿ ಏನು ಮಾಡುತ್ತೀ ಎಂದು ಕೇಳುವವರು ನಮ್ಮದೇ ರಾಜ್ಯದ ಲೆಕ್ಕವೊಂದನ್ನು ನೋಡಬೇಕು. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು ಸುಮಾರು ಶೇ 36 ಮತ, 104 ಸ್ಥಾನ. ಶೇ 38 ಮತ ಪಡೆದ ಕಾಂಗ್ರೆಸ್ ಸ್ಥಾನಗಳಲ್ಲಿ ಹಿಂದೆ ಬಿತ್ತು. 2023ರಲ್ಲಿ ಬಿಜೆಪಿಯ ಮತಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕ್ಷೇತ್ರದಲ್ಲಿ ಒಂದು ಮತ ಹೆಚ್ಚಿದ್ದವನೂ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಮತ ಎಲ್ಲಿ ದಟ್ಟವಾಗಿದೆ, ಎದುರಾಳಿಗಳ ಮತ ಹೇಗೆ ಹಂಚಿಹೋಗಿದೆ ಎಂಬುದೇ ನಿರ್ಣಾಯಕ. ಈ ನಡುವೆ ಜೆಡಿಎಸ್ ಪಾಲು ಶೇ 18ರಿಂದ 13ಕ್ಕೆ ಕುಸಿದಿತ್ತು, ಕಾಂಗ್ರೆಸ್ ಶೇ 43ರ ಹತ್ತಿರ ಬಂದಿತ್ತು. ಟಿ.ವಿ. ಚರ್ಚೆಗಳು ಇದನ್ನೆಲ್ಲ ‘ಅಲೆ’ ಎಂದು ಹೇಳಿ ಮುಗಿಸುತ್ತವೆ.

ಇದನ್ನು ಬಿಡಿಸುವ ಕೆಲಸವನ್ನು ಬಿ.ಎ. ವಿದ್ಯಾರ್ಥಿ ತಾನೇ ಮಾಡಬಹುದು. ಮತಗಟ್ಟೆವಾರು ಫಲಿತಾಂಶವಿರುವ ‘ಫಾರಂ 20’ ಸಾರ್ವಜನಿಕ ದಾಖಲೆ. ತನ್ನ ಕ್ಷೇತ್ರದ ಎರಡು ಚುನಾವಣೆಗಳ ಫಾರಂ ತೆಗೆದುಕೊಂಡು, ಅಂಕಿಗಳನ್ನು ಎಕ್ಸೆಲ್‌ಗೆ ಏರಿಸಿ, ಪ್ರತಿ ಮತಗಟ್ಟೆಯಲ್ಲೂ ಪಕ್ಷವಾರು ಶೇಕಡಾವಾರು ತೆಗೆದರೆ ಆಯಿತು. ಎಡವುವುದೂ ಇಲ್ಲಿಯೇ. ಮತದಾರರ ಸಂಖ್ಯೆ ಹೆಚ್ಚಿದಂತೆ ಮತಗಟ್ಟೆಗಳನ್ನು ಒಡೆಯುತ್ತಾರೆ, ಸಂಖ್ಯೆ ಬದಲಾಗುತ್ತದೆ. 2018ರ 45ನೇ ಮತಗಟ್ಟೆಯೇ 2023ರ 45 ಎಂದುಕೊಂಡರೆ ಹೋಲಿಕೆಯೇ ತಪ್ಪು. ಹಾಗಾಗಿ ಮತಗಟ್ಟೆಗಳ ಪಟ್ಟಿಯಲ್ಲಿ ಊರು, ಬೀದಿಯ ಹೆಸರು ತಾಳೆ ನೋಡಲೇಬೇಕು. ಅಂಚೆ ಮತಗಳು ಯಾವ ಮತಗಟ್ಟೆಗೂ ಸೇರುವುದಿಲ್ಲ, ಅವನ್ನು ಬೇರೆ ಇಡಬೇಕು. ನೋಟಾವನ್ನು ಒಟ್ಟು ಮತದಲ್ಲಿ ಸೇರಿಸಿದ್ದೇವೋ ಬಿಟ್ಟಿದ್ದೇವೋ ಎಂಬುದೂ ಎರಡೂ ವರ್ಷಕ್ಕೆ ಒಂದೇ ಆಗಿರಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಜಾತಿ ಲೆಕ್ಕದ್ದು. ಒಂದು ಮತಗಟ್ಟೆಯಲ್ಲಿ ಒಂದು ಸಮುದಾಯ ಶೇ 60ರಷ್ಟಿದೆ, ಒಂದು ಪಕ್ಷಕ್ಕೆ ಶೇ 60 ಮತ ಬಿದ್ದಿದೆ ಎಂದಮಾತ್ರಕ್ಕೆ ಆ ಸಮುದಾಯವೇ ಆ ಪಕ್ಷಕ್ಕೆ ಹಾಕಿತು ಎನ್ನಲಾಗದು. ಗುಂಪಿನ ಮೊತ್ತದಿಂದ ವ್ಯಕ್ತಿಯ ಆಯ್ಕೆಯನ್ನು ಊಹಿಸಬಾರದು. ಅದಕ್ಕೆ ಮನೆಮನೆ ಸಮೀಕ್ಷೆ ಬೇಕು, ಯಾರನ್ನು ಕೇಳಬೇಕೆಂಬುದನ್ನು ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಬೇಕು. ಚಹಾ ಅಂಗಡಿಯಲ್ಲಿ ಸಿಕ್ಕವರನ್ನೇ ಕೇಳಿದರೆ ಹೆಂಗಸರ ಅಭಿಪ್ರಾಯ ಬಿಟ್ಟೇಹೋಗುತ್ತದೆ.

ಈ ಎಚ್ಚರ ಕಲಿತವರು ಪತ್ರಿಕಾಲಯಕ್ಕೂ ಬೇಕು, ತಾಲ್ಲೂಕು ಕಚೇರಿಗೂ ಬೇಕು. ಆದರೆ ಅನೇಕ ಕಾಲೇಜುಗಳಲ್ಲಿ ಪಾಠ ಇನ್ನೂ ‘ರಾಷ್ಟ್ರಪತಿಯ ಅಧಿಕಾರಗಳನ್ನು ವಿವರಿಸಿ’ ಎಂಬಲ್ಲೇ ನಿಂತಿದೆ. ನೋಟ್ಸ್ ಬಾಯಿಪಾಠ ಮಾಡಿದವರೇ ಹೆಚ್ಚು ಅಂಕ ಪಡೆಯುತ್ತಾರೆ, ವಿಷಯಕ್ಕೆ ಬೆಲೆ ಇಲ್ಲವೆಂಬ ಮಾತು ಹುಟ್ಟುವುದೂ ಇದರಿಂದಲೇ. ಅಂತಿಮ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಕ್ಷೇತ್ರ ಕೊಟ್ಟು, ಈ ಲೆಕ್ಕಕ್ಕೆ ಆಂತರಿಕ ಅಂಕ ಮೀಸಲಿಡಲು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮುಂದಾಗಲಿ. ಕಂಪ್ಯೂಟರ್ ಲ್ಯಾಬ್ ಇರುವ ಕಾಲೇಜುಗಳು ಬರುವ ಸೆಮಿಸ್ಟರ್‌ನಲ್ಲೇ ಆರಂಭಿಸಬಹುದು.

– ರಾಜ್ಯಶಾಸ್ತ್ರ ಅಧ್ಯಾಪಕರು, ಧಾರವಾಡ