ಗುಂಪು ಬಿಟ್ಟವರ ರಿಪೋರ್ಟು ನಮ್ಮ ಫೋನಿನಲ್ಲೇಕೆ?

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಸ್ಟಾಫ್ ನರ್ಸ್. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪೊಂದನ್ನು ನಡೆಸುತ್ತಿದ್ದೇನೆ. ಇತ್ತೀಚೆಗೆ ಚಿಕಿತ್ಸೆ ಮುಗಿದ ಒಬ್ಬಳು ಗುಂಪು ಬಿಡುವ ಮುಂಚೆ ಫೋನ್ ಮಾಡಿದಳು. "ಸಿಸ್ಟರ್, ನಾನು ಹಾಕಿದ್ದನ್ನೆಲ್ಲ ಅಳಿಸಿಬಿಡಿ. ನಾನು ಇಲ್ಲಿದ್ದೆ ಅನ್ನೋದೇ ಬೇಡ" ಎಂದಳು. ಕಾರಣ ನಾನು ಕೇಳಲಿಲ್ಲ. ಕೇಳಬಾರದು ಎಂದೇ ನನ್ನ ನಂಬಿಕೆ. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಊರು, ವಯಸ್ಸು ಬೇಕೆಂದೇ ಬಿಟ್ಟಿದ್ದೇನೆ.)

ವಿಷಯ ಗುಂಪಿನ ಮುಂದಿಟ್ಟಾಗ ಎಲ್ಲರೂ ಒಪ್ಪಲಿಲ್ಲ. ಕೀಮೋದಿಂದ ಬಾಯಿ ಹುಣ್ಣಾದಾಗ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಮುಕ್ಕಳಿಸುವುದು, ಆಪರೇಷನ್ ಆದ ಕಡೆಯ ಕೈ ಬಾತುಕೊಂಡರೆ ಮಾಡುವ ವ್ಯಾಯಾಮ, ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಇವನ್ನೆಲ್ಲ ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಟ್ಟವಳು ಅವಳೇ. "ಕೊಟ್ಟ ಮೇಲೆ ಅದು ಎಲ್ಲರದೂ ಆಯಿತಲ್ವಾ? ಈಗ ವಾಪಸ್ ಕೇಳಿದರೆ ಹೇಗೆ?" ಎಂದರು ಒಬ್ಬರು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ಸಲ ಕಿದ್ವಾಯಿ ಆಸ್ಪತ್ರೆಗೆ ಹೊರಟವರಿಗೆ ಹೋಗಿಬಂದವರ ಮಾತು ಎಷ್ಟು ಧೈರ್ಯ ಕೊಡುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ.

ಆದರೆ ಅವಳು ಹಾಕಿದ್ದು ಬರೀ ಸಲಹೆಗಳನ್ನಲ್ಲ. ಬಯಾಪ್ಸಿ ರಿಪೋರ್ಟ್ ಇದೆ. ಅದರ ಮೇಲ್ಭಾಗದಲ್ಲೇ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್. ಕೂದಲು ಪೂರ್ತಿ ಉದುರಿದಾಗಿನ ಫೋಟೊ ಇದೆ. ನಿದ್ದೆ ಬಾರದ ರಾತ್ರಿಗಳಲ್ಲಿ ಅಳುತ್ತಾ ಕಳಿಸಿದ ವಾಯ್ಸ್ ಮೆಸೇಜ್‌ಗಳಿವೆ. ಅದೇ ನೋವು ಉಂಡವರು ಕೇಳಿಸಿಕೊಳ್ಳಲಿ ಎಂದು ಅವಳು ಕಳಿಸಿದ್ದು. ಈಗ ಅವು ನಮ್ಮ ಫೋನಿನಲ್ಲಿ ಮೊಮ್ಮಕ್ಕಳ ಫೋಟೊಗಳ ಜೊತೆ ಕೂತಿವೆ. ಆ ಫೋನು ಮನೆಯಲ್ಲಿ ಯಾರ ಕೈಗೆ ಬೇಕಾದರೂ ಹೋಗುತ್ತದೆ, ರಿಪೇರಿ ಅಂಗಡಿಗೂ ಹೋಗುತ್ತದೆ. ನಮ್ಮ ಕಡೆ ಹೆಣ್ಣು ಕೇಳುವವರು ನಾಲ್ಕು ಕಡೆ ವಿಚಾರಿಸಿಯೇ ಬರುತ್ತಾರೆ. ಕ್ಯಾನ್ಸರ್ ಇತ್ತಂತೆ ಎಂಬ ಒಂದು ಮಾತಿಗೆ ಸಂಬಂಧ ಮುರಿಯುತ್ತದೆ. ಕೆಲಸದ ಜಾಗದಲ್ಲೂ ನೋಡುವ ಕಣ್ಣು ಬದಲಾಗುತ್ತದೆ. ತನ್ನ ಕಾಯಿಲೆಯನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ.

ಗುಂಪು ಬಿಟ್ಟ ಮಾತ್ರಕ್ಕೆ ಹಳೆಯ ಮೆಸೇಜ್‌ಗಳು ಹೋಗುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕಳಿಸಿದ್ದನ್ನು ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಕೊಡುವುದು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ, ಅಷ್ಟೇ. ಆಮೇಲೆ ಅಡ್ಮಿನ್‌ಗೂ ಸಾಧ್ಯವಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಕೂತು ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಎಂದು ಕೇಳುವ ಹಕ್ಕಿದೆ. ಆದರೆ ಯಾರೋ ಒಬ್ಬರು ಸ್ವಂತಕ್ಕೆ, ಮನೆಮಟ್ಟಿಗೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ನಮ್ಮಂಥ ಗುಂಪಿನಲ್ಲಿ ಅವಳಿಗಿರುವ ಆಸರೆ ನಾವೇ.

2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ತಂದೆಯ ಕೋರಿಕೆಗೆ ಕಿವಿಗೊಟ್ಟು, ಅವರ ಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನದೇ ಕಚೇರಿಗೆ (ರಿಜಿಸ್ಟ್ರಿಗೆ) ಹೇಳಿತ್ತು. ಕ್ಯಾನ್ಸರ್ ಗೆದ್ದವರ ವಿಷಯದಲ್ಲಿ ಫ್ರಾನ್ಸ್ ಇನ್ನೂ ಮುಂದೆ ಹೋಗಿದೆ. ಚಿಕಿತ್ಸೆ ಮುಗಿದು 10 ವರ್ಷ ಕಾಯಿಲೆ ಮರುಕಳಿಸದಿದ್ದರೆ, ಸಾಲಕ್ಕೆ ವಿಮೆ ಮಾಡಿಸುವಾಗ ಅದನ್ನು ಹೇಳಬೇಕಾಗಿಲ್ಲ ಎಂದು 2016ರಲ್ಲಿ ಅಲ್ಲಿ ಕಾನೂನು ಬಂತು. 2022ರಲ್ಲಿ ಅದನ್ನು 5 ವರ್ಷಕ್ಕೆ ಇಳಿಸಿದರು. ಅದನ್ನು ಅವರು ಕರೆಯುವುದೇ ಮರೆತುಹೋಗುವ ಹಕ್ಕು ಎಂದು. ಬ್ಯಾಂಕು, ವಿಮೆಯವರೇ ಮರೆಯಬೇಕು ಎಂದಾಗ, ಜೊತೆಯಲ್ಲಿ ನೋವು ಹಂಚಿಕೊಂಡ ನಾವು ಹಟ ಹಿಡಿಯುವುದು ಸರಿಯೇ?

ತೀರಿಹೋದ ಗೆಳತಿಯರ ಮೆಸೇಜ್‌ಗಳ ಮಾತು ಬೇರೆ. ಅವರಾರೂ ಹೀಗೆ ಕೇಳಿರಲಿಲ್ಲ. ಅವರ ದನಿ ಅಳಿಸಲು ನನಗೂ ಮನಸ್ಸು ಬರುವುದಿಲ್ಲ.

ಇವಳ ರಿಪೋರ್ಟು, ಫೋಟೊ, ದನಿಯನ್ನು ಹೆಚ್ಚಿನವರು ಅಳಿಸಿದ್ದಾರೆ. ಸಲಹೆಗಳು ಹೆಸರಿಲ್ಲದೆ ಉಳಿಯಲಿ ಎಂದು ಅವಳೇ ಒಪ್ಪಿದಳು. ಒಪ್ಪದಿದ್ದರೆ ಅವನ್ನೂ ಅಳಿಸಿಸುತ್ತಿದ್ದೆ. ವ್ಯಾಯಾಮವನ್ನು ಫಿಸಿಯೋಥೆರಪಿಯವರೂ ಹೇಳಿಕೊಡುತ್ತಾರೆ. "ನಡುವೆ ನನ್ನ ಮಾತುಗಳೂ ಇವೆ, ಅಳಿಸಲ್ಲ" ಎಂದು ಒಬ್ಬರು ಇನ್ನೂ ಹೇಳುತ್ತಿದ್ದಾರೆ. ಅವರ ಮಾತು ಅವರು ಇಟ್ಟುಕೊಳ್ಳಲಿ, ಅವಳ ರಿಪೋರ್ಟ್ ಬಿಡಲಿ ಎಂದು ನಾನೂ ಹೇಳುತ್ತಲೇ ಇದ್ದೇನೆ.

90 ದಿನಕ್ಕೆ ಮೆಸೇಜ್‌ಗಳು ತಾವಾಗಿ ಮಾಯವಾಗುವ ಸೆಟ್ಟಿಂಗನ್ನು ಈಗ ಹಾಕಿದ್ದೇವೆ. ಉಳಿಯಬೇಕಾದ ಸಲಹೆಗಳನ್ನು ಹೆಸರಿಲ್ಲದೆ ಬೇರೆ ಬರೆದಿಡುತ್ತೇವೆ. ಇಂಥ ಗುಂಪುಗಳಿಗೆ ರೋಗಿಗಳ ನಂಬರ್ ಕೊಡುವ ಆಸ್ಪತ್ರೆಯ ಕೌನ್ಸೆಲರ್‌ಗಳಲ್ಲಿ ನನ್ನದೊಂದು ಕೋರಿಕೆ. ರಿಪೋರ್ಟ್ ಕಳಿಸುವಾಗ ಹೆಸರಿನ ಮೇಲೆ ಒಂದು ಚೀಟಿ ಇಟ್ಟು ಫೋಟೊ ತೆಗೆಯಿರಿ ಎಂದು ಅವರಿಗೆ ಮೊದಲೇ ಹೇಳಿ. ಬಿಡುವಾಗ ಕೇಳಿದರೆ ಎಲ್ಲರೂ ಅಳಿಸುತ್ತೀರಾ ಎಂದು ಅಡ್ಮಿನ್ ಹತ್ತಿರವೂ ಕೇಳಿ ತಿಳಿದುಕೊಂಡೇ ಸೇರಿಸಿ.

– ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ