ಮುಚ್ಚಿಟ್ಟ ತಪ್ಪು ಏನು ಕಲಿಸುತ್ತೆ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪೇಪರಲ್ಲಿ ಒಬ್ರು ಬರೆದಿದ್ರು, ಈಗಿನ ಮಕ್ಕಳಿಗೆ ಕಷ್ಟನೇ ಗೊತ್ತಿಲ್ಲ, ಬೀಳಬೇಕು ಏಳಬೇಕು, ತಪ್ಪು ಮಾಡಿ ಪೆಟ್ಟು ತಿಂದವನೇ ಕಲಿಯೋದು ಅಂತ. ಓದೋಕೆ ಚೆನ್ನಾಗೇ ಐತೆ. ಅಂಗಡಿಗೆ ಬಂದಿದ್ದ ಇಬ್ರು ರೈತರಿಗೂ ಓದಿ ಹೇಳ್ದೆ, ಹೌದೌದು ಅಂತ ತಲೆ ಆಡಿಸಿದ್ರು. ಆದ್ರೆ ನಾನು ಇಪ್ಪತ್ತಾರು ವರ್ಷದಿಂದ ದಾವಣಗೆರೆಲಿ ಮೋಟರ್ ವೈಂಡಿಂಗ್, ಅಂದ್ರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋ ಕೆಲಸ, ಮಾಡ್ಕೊಂಡಿರೋನು, ನನ್ನ ಕೈ ಕೆಳಗೆ ಹದಿನೈದಿಪ್ಪತ್ತು ಹುಡುಗ್ರು ಕೆಲಸ ಕಲ್ತು ಹೋಗಿದಾರೆ, ಪೆಟ್ಟು ತಿಂದು ಕಲ್ತೋರ ಪೈಕಿ ನಾನೂ ಒಬ್ಬ, ಅದಕ್ಕೇ ಈ ಮಾತು ಯಾಕೋ ಗಂಟಲಲ್ಲಿ ಇಳೀತಿಲ್ಲ.

ನಂದೇ ಕಥೆ ಹೇಳ್ತೀನಿ. ಹತ್ತನೇ ಕ್ಲಾಸಲ್ಲಿ ಗಣಿತ ಹೋಯ್ತು, ಮನೆಯೋರು ಕರ್ಕೊಂಡು ಹೋಗಿ ಒಬ್ಬ ಮೇಸ್ತ್ರಿ ಹತ್ರ ಬಿಟ್ರು. ಕೆಲಸದಲ್ಲಿ ಭಾರೀ ಗಟ್ಟಿ ಮನುಷ್ಯ, ಆದ್ರೆ ಸಿಟ್ಟು ಬಂದ್ರೆ ಕೈಯಲ್ಲಿ ಸ್ಪ್ಯಾನರ್ ಐತೋ ಕಟಿಂಗ್ ಪ್ಲೇಯರ್ ಐತೋ ನೋಡ್ತಿರಲಿಲ್ಲ. ಮೋಟರಿನ ಸ್ಟೇಟರಲ್ಲಿ (ತಿರುಗದೆ ನಿಂತಿರೋ ಭಾಗ) ಸ್ಲಾಟ್ ಅಂತ ಸೀಳು ಇರ್ತಾವೆ, ಅದ್ರೊಳಗೆ ಕಾಯಿಲ್ ತಂತಿನ ನಾಕಾರು ಎಳೆ ಹಿಡ್ಕೊಂಡು ನಿಧಾನಕ್ಕೆ ಇಳಿಸಬೇಕು, ತಂತಿ ಮೇಲೆ ತಾಮ್ರಕ್ಕೆ ತಾಮ್ರ ತಾಗದ ಹಂಗೆ ಎನಾಮಲ್ ಕೋಟಿಂಗ್ ಇರುತ್ತೆ, ಸ್ಲಾಟಿನ ಅಂಚಿಗೆ ಉಜ್ಜಿ ಒಂದು ಗೀರು ಬಿದ್ರೂ ಆ ಕಾಯಿಲ್ ತೆಗೆದು ಬೇರೆ ಸುತ್ತಿ ಹಾಕಬೇಕು. ಒಂದಿನ ನನ್ನ ಕೈಯಲ್ಲಿ ಗೀರು ಬಿತ್ತು. ತಾಮ್ರ ಮಿಣ್ ಅಂತ ಕಾಣ್ತು. ಹಿಂದಿನ ದಿನ ತಾನೇ ಕಪಾಳಕ್ಕೆ ತಿಂದಿದ್ದೆ, ಇವತ್ತೂ ಹೇಳಿದ್ರೆ ಇನ್ನೊಂದು ಕಪಾಳನೂ ಹೋಗುತ್ತೆ ಅಂತ ಸುಮ್ನೆ ಬಿದಿರು ಕಡ್ಡೀಲಿ ಒಳಗೆ ತಳ್ಳಿ ಮೇಲೆ ಪೇಪರ್ ಮುಚ್ಚಿಬಿಟ್ಟೆ. ಕಾಯಿಲ್ ಗಟ್ಟಿ ಕೂರಿಸೋ ವಾರ್ನಿಷ್ ಬಿತ್ತು, ಮೋಟರ್ ಚನ್ನಗಿರಿ ಕಡೆ ಒಂದು ಅಡಿಕೆ ತೋಟಕ್ಕೆ ಹೋಯ್ತು. ಇಪ್ಪತ್ತು ದಿನಕ್ಕೆ ವಾಪಸ್ ಬಂತು, ಕಾಯಿಲೆಲ್ಲ ಇದ್ದಿಲು ಥರ ಕರಿ. ಏಪ್ರಿಲ್ ತಿಂಗಳು, ತೋಟಕ್ಕೆ ನೀರಿಲ್ಲದೆ ಆ ಯಜಮಾನನ ಮುಖ ಬಾಡಿ ಹೋಗಿತ್ತು. ನಮ್ಮ ಮೇಸ್ತ್ರಿ ನೋಡಿ ಅವನಿಗೇ ಬೈದ, ನಿಮ್ಮ ಕಡೆ ವೋಲ್ಟೇಜ್ ಸರಿ ಇಲ್ಲ ಕಣಯ್ಯಾ, ಎರಡೇ ಫೇಸಲ್ಲಿ ಓಡಿಸಿದೀಯ ಅಂತ. ಪಾಪ, ಇರಬೋದೇನೋ ಅಂತ ಮತ್ತೆ ದುಡ್ಡು ಕೊಟ್ಟು ಹೋದ.

ಈಗ ಹೇಳ್ರಿ, ಆ ತಪ್ಪಿಂದ ನಾನು ಏನು ಕಲ್ತೆ? ತಪ್ಪನ್ನ ವೋಲ್ಟೇಜ್ ಮೇಲೆ ಹಾಕಿದ್ರೆ ಬಚಾವಾಗಬಹುದು ಅಂತ ಕಲ್ತೆ. ಎರಡು ವರ್ಷ ಅದನ್ನೇ ಮಾಡ್ದೆ.

ಕೆಲಸ ಅಂತ ಕಲ್ತಿದ್ದು ಆಮೇಲೆ ಹರಿಹರದಲ್ಲಿ ಇನ್ನೊಬ್ರ ಹತ್ರ ಸೇರಿದ ಮೇಲೆ. ಅವ್ರು ಒಂದೊಂದು ಕಾಯಿಲ್ ಇಳಿಸಿದಾಗಲೂ ಸೀರೀಸ್ ಲ್ಯಾಂಪ್ ಹಾಕಿಸೋರು. ಗೊತ್ತಿಲ್ಲದೋರಿಗೆ ಹೇಳ್ತೀನಿ, ನೂರು ವ್ಯಾಟಿನ ಒಂದು ಬಲ್ಬು ಲೈನಿಗೆ ಸೀರೀಸಲ್ಲಿ, ಎರಡು ವೈರಿನ ತುದಿ ಹೊರಗೆ, ಒಂದು ತುದಿ ಕಾಯಿಲಿಗೆ ಇನ್ನೊಂದು ಮೋಟರ್ ಬಾಡಿಗೆ ಮುಟ್ಟಿಸಿದ್ರೆ ಬಲ್ಬ್ ಹತ್ತಬಾರದು. ಹತ್ತಿದ್ರೆ ಎಲ್ಲೋ ತಂತಿ ಬಾಡಿಗೆ ತಾಗೈತೆ ಅಂತ ಅರ್ಥ. ನಡುವೆ ಬಲ್ಬ್ ಇರೋದ್ರಿಂದ ಫ್ಯೂಸ್ ಹೋಗಲ್ಲ, ಏನೂ ಸುಡಲ್ಲ, ಇನ್ನೂ ವಾರ್ನಿಷ್ ಬಿದ್ದಿಲ್ಲ, ಬಿಚ್ಚಿ ಮತ್ತೆ ಹಾಕಬಹುದು. ದಿನಕ್ಕೆ ನಾಕೈದು ಸಲ ನಂದು ಹತ್ತೋದು. ಅವ್ರು ಬೀಡಿ ಆರಿಸಿ ಎದ್ದು ಬಂದು ಪಕ್ಕದಲ್ಲಿ ಕೂತು, ಯಾವ ಸ್ಲಾಟು ಹುಡುಕು ನೋಡಾಣ, ಅನ್ನೋರು, ಅಷ್ಟೇ. ಆರೇ ತಿಂಗಳಲ್ಲಿ ಕೈ ಕುದುರಿತು. ಕಾಯಿಲ್ ಒಳಗೇ ತಂತಿಗೆ ತಂತಿ ತಾಗಿದ್ರೆ ಮಾತ್ರ ಈ ಬಲ್ಬಿಗೂ ಗೊತ್ತಾಗಲ್ಲ (ನನ್ನ ಆ ಚನ್ನಗಿರಿ ಮೋಟರಿಗೆ ಆಗಿದ್ದು ಅದೇ ಇರಬೇಕು), ಅಂಥದ್ದನ್ನ ಮೊದ್ಲೇ ಕೂರಿಸ್ಕೊಂಡು ತೋರಿಸಿಕೊಡಬೇಕು, ತಾನಾಗೇ ಕಲೀಲಿ ಬಿಡು ಅಂತ ಬಿಟ್ರೆ ರೈತನ ಮೋಟರ್ ಹೋಗುತ್ತೆ, ಹುಡುಗನಿಗೆ ಏನೂ ಬರಲ್ಲ.

ಅದಕ್ಕೇ ತಪ್ಪು ತಪ್ಪು ಅಂತ ಎಲ್ಲಾನೂ ಒಂದೇ ತಕ್ಕಡಿಗೆ ಹಾಕಬೇಡ್ರಿ. ನಮ್ಮೂರ ಬೆಣ್ಣೆ ದೋಸೆ ಅಂಗಡೀಲಿ ಹೊಸ ಹುಡುಗ ದೋಸೆ ಹರಿದ್ರೆ ಎರಡು ನಿಮಿಷಕ್ಕೆ ಗೊತ್ತಾಗುತ್ತೆ, ಹರಿದಿದ್ದನ್ನ ಅವನೇ ತಿಂದ್ಕೊಂಡು ಮುಂದಿನ ದೋಸೆ ಹಾಕ್ತಾನೆ, ಮಧ್ಯಾಹ್ನದೊಳಗೆ ಕೈ ಸೆಟ್ ಆಗುತ್ತೆ. ಮೆಕ್ಕೆಜೋಳದೋನಿಗೆ ಹಂಗಲ್ಲ. ಬೀಜ ತಪ್ಪೋ, ಗೊಬ್ಬರ ತಪ್ಪೋ, ಮಳೆ ತಪ್ಪೋ ಅಂತ ಗೊತ್ತಾಗೋದು ನಾಕು ತಿಂಗಳಿಗೆ, ಮಳೆ ನಂಬಿದೋನು ಅರವತ್ತು ವರ್ಷದವನಾದ್ರೂ ನೋಡಿರೋದು ನಲವತ್ತು ಬೆಳೆ, ಅಂದ್ರೆ ತಪ್ಪು ತಿದ್ಕೊಳ್ಳೋಕೆ ಸಿಕ್ಕಿರೋದು ನಲವತ್ತೇ ಚಾನ್ಸು. 2018ರಲ್ಲಿ ಮೆಕ್ಕೆಜೋಳ ತಿನ್ನೋ ಫಾಲ್ ಸೈನಿಕ ಹುಳ ಮೊದಲ ಸಲ ನಮ್ಮ ರಾಜ್ಯಕ್ಕೆ ಬಂದಾಗ ಸುಳಿಯೊಳಗೆ ಕೂತಿರೋ ಹುಳಕ್ಕೆ ಎಲೆ ಮೇಲೆ ಔಷಧಿ ಹೊಡೆದು ದುಡ್ಡು ಕಳ್ಕೊಂಡೋರು ನಮ್ಮ ಗಿರಾಕಿಗಳಲ್ಲೇ ಎಷ್ಟೋ ಜನ. ಪಕ್ಕದ ಹೊಲದೋನು ಕಳ್ಕೊಂಡಿದ್ದು ನೋಡಿ ಸುಳಿಗೇ ಬೀಳೋ ಹಂಗೆ ಹೊಡೆದೋನು ಉಳ್ಕೊಂಡ. ಸಾಲ ಮಾಡಿ ಬಿದ್ದೋನಿಗೆ, ಬಿದ್ದು ಕಲಿಯಪ್ಪಾ ಅಂತ ಯಾವ ಬಾಯಲ್ಲಿ ಹೇಳೋದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಗಾದೇನ ಆ ಲೇಖನದಲ್ಲಿ ಏನೋ ದೊಡ್ಡ ತತ್ವ ಅನ್ನೋ ಥರ ಬರೆದಿದ್ರು, ಅಲ್ರೀ, ಅದು ನಮ್ಮ ಹಿರಿಯರು ಆಡ್ಕೊಂಡು ನಕ್ಕಿದ್ದು!

ಹಂಗಂತ ಕಷ್ಟನೇ ಬೇಡ, ಎಲ್ಲ ಬಾಯಿಗಿಟ್ಟು ತಿನ್ನಿಸಿ ಅಂತಾನೂ ನಾನು ಹೇಳಲ್ಲ. ನನ್ನ ಮಗಳು ಬಿ.ಎಡ್ ಮಾಡ್ತಿದಾಳೆ, ಈ ಲೇಖನದ ವಿಷಯ ತೆಗೆದಾಗ ಅವಳು ನನ್ನ ಜೊತೆ ರಾತ್ರಿ ಹನ್ನೊಂದರವರೆಗೂ ಜಗಳಕ್ಕೆ ಕೂತ್ಲು. 2007ರಲ್ಲಿ ಅಮೆರಿಕದಲ್ಲಿ ರೋರರ್, ಟೇಲರ್ ಅನ್ನೋ ಇಬ್ರು ಸಂಶೋಧಕರು ಕಾಲೇಜು ಹುಡುಗ್ರಿಗೆ ಘನಾಕೃತಿಗಳ ಗಾತ್ರ ಕಂಡುಹಿಡಿಯೋ ಲೆಕ್ಕ ಕೊಟ್ರಂತೆ, ಒಂದು ಗುಂಪಿಗೆ ಒಂದೇ ನಮೂನೆ ಲೆಕ್ಕ ಸಾಲಾಗಿ, ಇನ್ನೊಂದಕ್ಕೆ ಎಲ್ಲ ಕಲಸಿ. ಪ್ರಾಕ್ಟೀಸಲ್ಲಿ ಸಾಲಾಗಿ ಮಾಡಿದೋರದ್ದು 89 ಪರ್ಸೆಂಟ್ ಸರಿ, ಕಲಸಿ ಮಾಡಿದೋರದ್ದು 60. ವಾರ ಬಿಟ್ಟು ಪರೀಕ್ಷೆ ಇಟ್ರೆ ಉಲ್ಟಾ, ಸಾಲಾಗಿ ಮಾಡಿದೋರು 20ಕ್ಕೆ ಇಳಿದ್ರು, ತಿಣುಕಾಡಿದೋರು 63. ಇದು ಕೇಳಿ ನಂಗೆ ನಗು ಬಂತು, ನಮ್ಮ ಅಂಗಡೀಲೂ ಅದೇ ಆಗೋದು. ಒಂದೇ ಸೈಜಿನ 24 ಸ್ಲಾಟ್ ಮೋಟರ್ ಸಾಲಾಗಿ ಎಂಟು ಕಟ್ಟಿದ ಹುಡುಗ ಕಾಲರ್ ಏರಿಸ್ಕೊಂಡು ಓಡಾಡ್ತಾನೆ, ಒಂಬತ್ತನೇದಕ್ಕೆ 36 ಸ್ಲಾಟಿನದು ಬಂದ್ರೆ ಎಲ್ಲಿಂದ ಶುರು ಮಾಡೋದು ಅಂತ ನನ್ನ ಮುಖ ನೋಡ್ತಾನೆ. ಈಗ ಬೇಕಂತಲೇ ಕಲಸಿ ಕೊಡ್ತೀನಿ, ಬೈಕೊಳ್ತಾರೆ, ಬೈಕೊಳ್ಲಿ.

ಅವಳೇ ಇನ್ನೊಂದು ಹೇಳಿದ್ಲು, 2019ರ ಸಂಶೋಧನೆ, ಮಾಡಿದೋರು ಎಸ್ಕ್ರೈಸ್-ವಿಂಕ್ಲರ್ ಮತ್ತೆ ಫಿಶ್‌ಬಾಕ್ ಅಂತ (ಹೆಸರು ನಂಗೆ ಬಾಯಿಗೆ ಬರಲ್ಲ, ಅವಳೇ ಬರ್ಕೊಟ್ಟಿದ್ದು). ಎರಡೇ ಉತ್ತರ ಇರೋ ಪ್ರಶ್ನೆ ಕೇಳ್ತಾರೆ, ಇದು ತಪ್ಪು ಅಂದ ತಕ್ಷಣ ಇನ್ನೊಂದು ಸರಿ ಅಂತ ಯಾರಿಗಾದ್ರೂ ಹೊಳೀಬೇಕಲ್ಲ, ಆದ್ರೂ ತಪ್ಪು ಅಂತ ಹೇಳಿಸ್ಕೊಂಡೋರು ಸರಿ ಅಂತ ಹೇಳಿಸ್ಕೊಂಡೋರಿಗಿಂತ ಕಮ್ಮಿ ಕಲ್ತರಂತೆ. ಯಾಕಂದ್ರೆ ತಪ್ಪು ಅಂದ ಕೂಡ್ಲೇ ಮನಸ್ಸಿಗೆ ಚುಚ್ಚಿ ಮುಖ ಆ ಕಡೆ ತಿರುಗುತ್ತೆ. ಬೇರೆಯವ್ರು ತಪ್ಪು ಮಾಡಿದ್ದನ್ನ ನೋಡೋವಾಗ ಆ ತೊಂದರೆ ಇರಲಿಲ್ವಂತೆ. ಆ ಮುಖ ತಿರುಗಿಸೋದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬಿದಿರು ಕಡ್ಡಿ ಹಿಡ್ಕೊಂಡಿದ್ದ ಕೈ ಇದು.

ಈಗ ಸ್ಕೂಲಿನ ವಿಷಯಕ್ಕೆ ಬರ್ತೀನಿ, ಪತ್ರ ಬರೆಯೋಕೆ ನಿಜವಾದ ಕಾರಣ ಅದೇ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ರು. ಒಳ್ಳೇದೇ, ನಮ್ಮ ಕಾಲದಲ್ಲಿ ಇದ್ದಿದ್ರೆ ನನ್ನ ಗಣಿತ ಪಾಸಾಗಿರೋದೋ ಏನೋ. ಆದ್ರೆ ಫೇಲಾದ ಹುಡುಗನ ಕೈಗೆ ಬರೋದು ಒಂದು ನಂಬರ್. ಎಲ್ಲಿ ತಪ್ಪಿದೆ ಅಂತ ನೋಡಬೇಕಂದ್ರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿ ಫೀಸ್ ಕಟ್ಟಬೇಕು, ಮಾರ್ಕ್ಸ್ ಹೆಚ್ಚಾಗಬಹುದು ಅನ್ನೋರು ಅದನ್ನ ತರಿಸ್ತಾರೆ, 20 ಬಂದೋನು ಯಾಕೆ ತರಿಸ್ತಾನೆ? ಬಲ್ಬ್ ಹತ್ತಿದ್ದನ್ನೇ ನೋಡದೆ ಮುಂದಿನ ಪರೀಕ್ಷೆಗೆ ಹೋಗಿ ಅದೇ ಗೀರು ಬಿದ್ದ ತಂತಿ ಮತ್ತೆ ಒಳಗೆ ತಳ್ತಾನೆ. ಸ್ಕೂಲಲ್ಲೇ ನಡೆಯೋ ಟೆಸ್ಟಿನ ಪೇಪರ್ ಮನೆಗೆ ಬರುತ್ತೆ, ನಮ್ಮ ಚಿಕ್ಕವನದ್ದು ಬಂದಿತ್ತು, ಮೇಲೆ ಕೆಂಪು ಇಂಕಲ್ಲಿ ಏಳು, ಕೆಳಗೆ ಪೋಷಕರ ಸಹಿ ಅಂತ ಒಂದು ಗೆರೆ. ಸಹಿ ಹಾಕ್ದೆ, ತಗೊಂಡು ಹೋದ, ಮುಗೀತು. ತಪ್ಪಾದ ಮೂರು ಲೆಕ್ಕನ ಅವನಾಗ್ಲಿ ನಾನಾಗ್ಲಿ ಮೇಷ್ಟ್ರಾಗ್ಲಿ ಮತ್ತೆ ಬಿಚ್ಚಲೇ ಇಲ್ಲ. ಮೇಷ್ಟ್ರನ್ನ ಬೈಯೋಕೂ ಆಗಲ್ಲ, ಅವ್ರಿಗೆ ಸಿಲಬಸ್ ಮುಗಿಸೋ ಅವಸರ. ಫೇಲಾದ ಮಕ್ಕಳಿಗೆ ಅರ್ಜಿ ಇಲ್ಲದೇ ಫೀಸ್ ಇಲ್ಲದೇ ಉತ್ತರ ಪತ್ರಿಕೆ ಸ್ಕೂಲಿಗೇ ಕಳಿಸಿ, ಅದನ್ನ ಇಟ್ಕೊಂಡು ನಾಕು ದಿನ ಕ್ಲಾಸ್ ಮಾಡಿ ಅಂತ ಸಂಬಂಧಪಟ್ಟೋರಿಗೆ ನಿಮ್ಮ ಪೇಪರ್ ಮೂಲಕ ಹೇಳ್ತಿದೀನಿ. ಮತ್ತೆ ಮತ್ತೆ ಪರೀಕ್ಷೆ ಮಾಡೋ ಖರ್ಚಿನ ಮುಂದೆ ಇದು ಎಷ್ಟಾಗುತ್ತೆ?

ಸೋಮವಾರ ನಮ್ಮ ಹೊಸ ಹುಡುಗ, ಹೊನ್ನಾಳಿ ಕಡೆಯೋನು, ಸೇರಿ ಇನ್ನೂ ಒಂದು ತಿಂಗಳಾಗಿಲ್ಲ, ತಂತಿ ಹಿಡ್ಕೊಂಡು ಬಂದು, ಅಣ್ಣಾ ಇಲ್ಲಿ ಕೆರೀತು ಅಂದ. ಆ ಕಾಯಿಲ್ ತೆಗೆಸಿ ಬೇರೆ ಸುತ್ತಿಸ್ದೆ, ಮುಕ್ಕಾಲು ಗಂಟೆ ಹೋಯ್ತು, ಗಿರಾಕಿ ಟೆಂಪೋ ಹೊರಗೆ ಹಾರ್ನ್ ಹೊಡೀತಾನೇ ಇತ್ತು, ನಂಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕರೆಂಟ್ ಬಂತು, ಎರಡು ಮೋಟರ್ ಟೆಸ್ಟಿಂಗ್ ಬಾಕಿ ಐತೆ, ನಿಲ್ಲಿಸ್ತೀನಿ.

ಇಂತಿ,
ಒಬ್ಬ ಮೋಟರ್ ವೈಂಡಿಂಗ್ ಅಂಗಡಿಯವ, ದಾವಣಗೆರೆ